ಮೋನಿಕಮ್ಮ ಕಣ್ಣು ಬಿಟ್ಟ ದಿನ

ಏಪ್ರಿಲ್ ಹತ್ತು ಅಂದರೆ ಮಕ್ಕಳಿಗೆ ಪಾಸು ಫೇಲು ಹೇಳುವ ದಿನ. ಈ ಸಲ ಅದು ಗಂಗರತ್ನಮ್ಮ ಟೀಚರಿಗೂ ಪಾಸು ಫೇಲಿನ ದಿನವಾಗಿ ಕೂತಿತ್ತು.

ಶ್ರೀನಿವಾಸಪುರದಿಂದ ಗೌನಿಪಲ್ಲಿ ಕಡೆ ಹೋಗುವ ದಾರಿಯಲ್ಲಿ, ಮಾವಿನ ತೋಪುಗಳ ಮಧ್ಯೆ, ಸಂತ ಮೋನಿಕಮ್ಮನವರ ಕಿರಿಯ ಪ್ರಾಥಮಿಕ ಶಾಲೆ ಅಂತ ಒಂದಿದೆ. ಹಂಚಿನ ಮಾಡು, ಐದು ಕೋಣೆ, ಪಕ್ಕದಲ್ಲಿ ಸಿಸ್ಟರುಗಳ ಮನೆ. ಅಲ್ಲಿ ಇಪ್ಪತ್ತಮೂರು ವರ್ಷದಿಂದ ಒಂದನೇ ಕ್ಲಾಸು ಗಂಗರತ್ನಮ್ಮನದು. ಅವಳ ಹತ್ತಿರ ಅ ಆ ತಿದ್ದಿದವರು ಈಗ ಪಂಚಾಯ್ತಿ ಮೆಂಬರಾಗಿದ್ದಾರೆ, ಮಾವಿನ ಮಂಡಿ ಇಟ್ಟಿದ್ದಾರೆ, ಇಬ್ಬರು ಜೈಲಿಗೂ ಹೋಗಿ ಬಂದಿದ್ದಾರೆ. ಯಾರು ಎದುರಿಗೆ ಸಿಕ್ಕಿ ನಮಸ್ಕಾರ ಮಾಡಿದರೂ ಅವಳು ಮೊದಲು ನೋಡುವುದು ಅವರ ಉಗುರನ್ನು.

ಆ ಕಡೆ ಮಕ್ಕಳ ಮನೆಮಾತು ತೆಲುಗು. ಮಸೀದಿ ಬೀದಿಯಿಂದ ಬರುವ ಮಕ್ಕಳದು ದಖನಿ ಉರ್ದು. ಕನ್ನಡ ಅನ್ನುವುದು ಅವಕ್ಕೆ ಬಸ್ಸಿನ ಬೋರ್ಡಿನ ಮೇಲಿರುವ ಚಿತ್ರ ಅಷ್ಟೆ. ಜೂನ್ ತಿಂಗಳಲ್ಲಿ ಗೊಳೋ ಅಂತ ಅಳುತ್ತಾ ಬಂದ ಮಗುವನ್ನು ಗಂಗರತ್ನಮ್ಮ ತೆಲುಗಿನಲ್ಲೇ ಸಮಾಧಾನ ಮಾಡಿ, ತೆಲುಗಿನಲ್ಲೇ ಗದರಿ, ಆಮೇಲೆ ನಿಧಾನವಾಗಿ ಒಂದೊಂದೇ ಕನ್ನಡದ ಮಾತನ್ನು ಬಾಯಿಗೆ ಹಾಕುತ್ತಿದ್ದಳು. ದಸರಾ ರಜೆ ಹೊತ್ತಿಗೆ ಅದೇ ಮಗು ಕನ್ನಡದಲ್ಲಿ ಚಾಡಿ ಹೇಳುತ್ತಿತ್ತು. ಚಾಡಿ ಹೇಳುವಷ್ಟು ಬಂತು ಅಂದರೆ ಭಾಷೆ ಬಂತು ಅಂತ ಅವಳ ಲೆಕ್ಕ.

ಹೋದ ವರ್ಷ ಬಂದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಐರಿನ್ ಅವರಿಗೆ ಈ ಪದ್ಧತಿ ಹಿಡಿಸಲಿಲ್ಲ. ಮಂಗಳೂರು ಕಡೆಯವರು, ನಲವತ್ತಾರು ವಯಸ್ಸು, ಬಟ್ಟೆಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. 'ತರಗತಿಯಲ್ಲಿ ತೆಲುಗು ಬೇಡ' ಅಂತ ಬರೆದು ಒಂದನೇ ಕ್ಲಾಸಿನ ಬಾಗಿಲಿಗೆ ಅಂಟಿಸಿದರು. ಗಂಗರತ್ನಮ್ಮ ಅದನ್ನು ಬಹಳ ಮರ್ಯಾದೆಯಿಂದ ಓದಿ, ಅದರ ಅರ್ಥ ಏನು ಅಂತ ಮಕ್ಕಳಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದಳು.

ಸಿಸ್ಟರ್ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಜನ್ಮದಲ್ಲಿ ಸುಳ್ಳು ಆಡಿದವರಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಸೊಟ್ಟಗಾದರೂ ಪಕ್ಕದಲ್ಲಿ ಸಹಿ ಹಾಕಿ ತಾರೀಕು ಬರೆಯುವ ಪೈಕಿ. ಅವರಿಗಿದ್ದ ಒಂದೇ ಕಾಯಿಲೆ ಪ್ಲಾನು. ಮಾರ್ಚ್ ಮೊದಲ ವಾರ ಮೀಟಿಂಗ್ ಕರೆದು, ಮುಂದಿನ ವರ್ಷದ ಯೋಜನೆ ಅಂತ ಬಾಗಿಲಗಲದ ಹಾಳೆಯೊಂದನ್ನು ಸ್ಟಾಫ್ ರೂಮಿನ ಗೋಡೆಗೆ ಮೆತ್ತಿದರು. ನೀರಿನ ಟ್ಯಾಂಕು, ಆಟದ ಬೆಲ್ಲು, ಹೇನಿನ ಔಷಧಿ, ಎಲ್ಲಕ್ಕೂ ಅದರಲ್ಲಿ ಒಂದೊಂದು ಚೌಕ. ಕೊನೆಯ ಚೌಕದಲ್ಲಿ ಗಂಗರತ್ನಮ್ಮ. ಏಪ್ರಿಲ್ ಹತ್ತರ ಸಂಜೆ ನಾಲ್ಕು ಗಂಟೆಯೊಳಗೆ ಒಂದನೇ ತರಗತಿಗೆ ಹದಿನೈದು ಅರ್ಜಿ ಬಂದರೆ ಸರಿ. ಬರದಿದ್ದರೆ ಜೂನ್‌ನಲ್ಲಿ ಒಂದನೇ ತರಗತಿ ತೆರೆಯುವುದಿಲ್ಲ, ಗಂಗರತ್ನಮ್ಮ ಟೀಚರು ಮಾಲೂರಿನ ಹಾಸ್ಟೆಲ್ಲಿಗೆ ವಾರ್ಡನ್ ಆಗಿ ಹೋಗತಕ್ಕದ್ದು. ಇದು ತಮ್ಮ ತೀರ್ಮಾನ ಅಲ್ಲ, ಬೆಂಗಳೂರಿನ ದೊಡ್ಡ ಸಿಸ್ಟರ್ ಕಳಿಸಿದ್ದು ಅಂತ ಐರಿನ್ ಹೇಳಿದರು. ಅದೂ ನಿಜವೇ.

ಮಾಲೂರು ಕೆಟ್ಟ ಊರೇನಲ್ಲ. ಆದರೆ ಹಾಸ್ಟೆಲ್ಲಿನ ಹುಡುಗಿಯರು ಹೈಸ್ಕೂಲಿನವರು, ಅವರ ಮೂಗು ಅವರೇ ಒರೆಸಿಕೊಳ್ಳುತ್ತಾರೆ. ಅಲ್ಲಿ ತಾನೇನು ಮಾಡುವುದು? ಲೈಟು ಆರಿಸುವುದು, ಗೇಟಿಗೆ ಬೀಗ ಹಾಕುವುದು. ಮನೆಗೆ ಬಂದು ಗಂಡ ರಾಮಚಂದ್ರಪ್ಪನಿಗೆ ಹೇಳಿದರೆ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಆ ಮಹಾರಾಯ ತಲೆ ಕೂಡ ಎತ್ತಲಿಲ್ಲ. ಹೋಗು, ಶನಿವಾರ ಶನಿವಾರ ಬಂದರಾಯ್ತು ಅಂದ. ಅಷ್ಟು ಸಲೀಸಾಗಿ ಅಂದದ್ದಕ್ಕೆ ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಅವನಿಗೆ ಎರಡು ಮುದ್ದೆ ಸೇರಿತು.

ಮಾರನೇ ದಿನದಿಂದ ಗಂಗರತ್ನಮ್ಮ ಶಾಲೆ ಬಿಟ್ಟ ಮೇಲೆ ಮನೆಮನೆ ಸುತ್ತಿದಳು. ಆರು ವರ್ಷ ತುಂಬಿದ ಮಗು ಎಲ್ಲಿದೆ ಅಂತ ಅಂಗನವಾಡಿಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಶ್ರೀನಿವಾಸಪುರದ ಇಂಗ್ಲಿಷ್ ಮೀಡಿಯಮ್ಮಿನ ಹಳದಿ ವ್ಯಾನು ಈಗ ಪ್ರತಿ ಹಟ್ಟಿ ಬಾಗಿಲಿಗೂ ಬಂದು ಹಾರನ್ ಹೊಡೆಯುತ್ತದೆ. ಹಾರನ್ನಿನ ಮುಂದೆ ಗಂಗರತ್ನಮ್ಮನ ಮಾತು ಎಷ್ಟು ಜನಕ್ಕೆ ಕೇಳಬೇಕು? ಒಂದು ತಿಂಗಳು ಚಪ್ಪಲಿ ಸವೆಸಿ ಅವಳು ಕೂಡಿಸಿದ್ದು ಒಂಬತ್ತು ಅರ್ಜಿ. ಅದರಲ್ಲಿ ಒಂದು ಟೆಂಪೋ ಅಬ್ದುಲ್ ಗಫೂರ್ ಅವರ ಮೊಮ್ಮಗಳು ಮೆಹ್ರೀನ್‌ದು, ಗಂಗರತ್ನಮ್ಮನ ಮುಖ ನೋಡಿ ಕೊಟ್ಟದ್ದು.

ಈ ಗಲಾಟೆಯಲ್ಲೇ ಮೂರ್ತಿಯ ಕೆಲಸವೂ ಅವಳ ತಲೆಗೇ ಬಿತ್ತು. ಶಾಲೆಗೆ ಐವತ್ತು ತುಂಬುತ್ತದೆ ಅಂತ ಹಳೇ ವಿದ್ಯಾರ್ಥಿಗಳು ಸೇರಿ ಮೋನಿಕಮ್ಮನ ಕಲ್ಲಿನ ಮೂರ್ತಿ ಕೊಡುವುದಾಗಿ ಒಪ್ಪಿದ್ದರು. ಕಲ್ಲಿನ ಮೂರ್ತಿ ಅಂದ ಮೇಲೆ ಶಿವಾರಪಟ್ಟಣ ಬಿಟ್ಟು ಇನ್ನೆಲ್ಲಿಗೆ ಹೋಗುವುದು? ಅಲ್ಲಿನ ಚನ್ನರಾಯಾಚಾರಿ ಗಂಗರತ್ನಮ್ಮನ ಅಣ್ಣನ ಸ್ನೇಹಿತ. ಸಿಸ್ಟರ್ ಕೊಟ್ಟ ಬೆರಳುದ್ದದ ಪಟವನ್ನು ಫೋನಿನಲ್ಲಿ ಕಳಿಸಿ, ಮೂರಡಿ ಎತ್ತರ, ಕರೀ ಕಲ್ಲು ಅಂತ ಹೇಳಿದಳು.

ಈ ಮೋನಿಕಮ್ಮ ಯಾರು ಅನ್ನುವುದನ್ನು ಗಂಗರತ್ನಮ್ಮ ಹೇಳುತ್ತಿದ್ದ ಹಾಗೇ ಹೇಳಬೇಕು. ಸಾವಿರದಾರುನೂರು ವರ್ಷದ ಹಿಂದೆ, ಸಮುದ್ರದಾಚೆ, ಒಬ್ಬ ತಾಯಿ. ಗಂಡ ಮುಂಗೋಪಿ, ಅತ್ತೆ ಘಟವಾಣಿ. ಮಗ ಓದಿನಲ್ಲಿ ಜಾಣ, ಮಿಕ್ಕಿದ್ದರಲ್ಲಿ ಪಕ್ಕಾ ಪೋಲಿ. ಆಯಮ್ಮ ಆ ಮಗನಿಗೋಸ್ಕರ ಹದಿನೇಳು ವರ್ಷ ಅತ್ತಳಂತೆ. ಅವನು ಯಾವ ಊರಿಗೆ ಓಡಿಹೋದರೆ ಆ ಊರಿಗೆ ಹಿಂದೆಯೇ ಹೋಗಿ ಅತ್ತಳಂತೆ. ಕೊನೆಗೆ ತಡೆಯಲಾರದೆ ಮಗ ಸರಿಹೋದ, ಬಿಷಪ್ಪೇ ಆಗಿಬಿಟ್ಟ. ಈ ಕಥೆಯನ್ನು ಎಲ್ಲಿ ಹೇಳಿದರೂ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡು, ಆಯಮ್ಮನಿಗೆ ನಡ್ಕೊಳ್ಳೋದು ಯಾವ ವಾರ ಅಂತ ಕೇಳುತ್ತಿದ್ದರು.

ಆಚಾರಿ ಎರಡು ಸಲ ಫೋನು ಮಾಡಿದ. ಮೊದಲನೇ ಸಲ, ಪಟದಲ್ಲಿ ಮೂಗುತಿ ಕಾಣುತ್ತಿಲ್ಲ, ಮರೆತಿದ್ದಾರಾ ಅಂತ ವಿಚಾರಿಸಿದ. ಎರಡನೇ ಸಲ, ಮೂರ್ತಿ ಆಯಿತು, ಪೀಠಕ್ಕೆ ಕಮಲ ಹಾಕಿದ್ದೀನಿ, ಕಣ್ಣು ಮಾತ್ರ ಅಲ್ಲಿಗೇ ಬಂದು ತೆರೆಯುತ್ತೀನಿ ಅಂದ. ಆಗಲಿ ಅಂತ ಗಂಗರತ್ನಮ್ಮ ಫೋನಿಟ್ಟಳು.

ಎಡವಟ್ಟಾದದ್ದು ಇಲ್ಲೇ. ನಮ್ಮ ಕಡೆ ಯಾವ ಆಚಾರಿಯೂ ತನ್ನ ಕೆಲಸದ ಕೊಟ್ಟಿಗೆಯಲ್ಲಿ ಮೂರ್ತಿಯ ಕಣ್ಣು ತೆರೆಯುವುದಿಲ್ಲ. ಕಣ್ಣು ತೆರೆಯುವ ತನಕ ಅದು ಕಲ್ಲು, ತೆರೆದ ಮೇಲೆ ತಾಯಿ. ಕೂರಿಸುವ ಜಾಗಕ್ಕೇ ಬಂದು, ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಮುಂದೆ ಒಂದು ಕನ್ನಡಿ ಇಟ್ಟು, ಕನ್ನಡಿಯಲ್ಲಿ ನೋಡಿಕೊಂಡು ಉಳಿ ಆಡಿಸುತ್ತಾರೆ. ಮೊದಲ ದೃಷ್ಟಿ ಕನ್ನಡಿ ಮೇಲೇ ಬೀಳಬೇಕು. ಮನುಷ್ಯರ ಮೇಲೆ ಬಿದ್ದರೆ ಅವರು ಆ ತಾಯಿಯ ಪಾಲಾದ ಹಾಗೆ. ಇದು ಕೋಲಾರದ ಕಡೆ ರಾಗಿ ತಿಂದ ಯಾರಿಗೂ ಹೇಳಿಕೊಡುವ ಸಂಗತಿಯೇ ಅಲ್ಲ, ಹಾಗಾಗಿ ಸಿಸ್ಟರಿಗೆ ಹೇಳಬೇಕು ಅಂತ ಗಂಗರತ್ನಮ್ಮನಿಗೆ ಹೊಳೆಯಲೇ ಇಲ್ಲ. ಸಿಸ್ಟರಿಗೂ ಕೇಳಬೇಕು ಅಂತ ಹೊಳೆಯಲಿಲ್ಲ. ಅವರು ಕಂಡ ಸಂತರೆಲ್ಲ ಅಂಗಡಿಯಿಂದ ರಟ್ಟಿನ ಡಬ್ಬದಲ್ಲಿ, ಹುಲ್ಲಿನ ಮಧ್ಯೆ ಮಲಗಿಕೊಂಡು, ನೀಲಿ ಕಣ್ಣು ಬಿಟ್ಟುಕೊಂಡೇ ಬಂದವರು.

ಇನ್ನು ವರ್ಷದ ಕೊನೆಯ ವಾರ್ತಾಪತ್ರ. ಸಿಸ್ಟರ್ ಕೂತು ಎರಡು ಪುಟ ಬರೆದು ಅಚ್ಚು ಹಾಕಿಸಿ ಮಕ್ಕಳ ಬ್ಯಾಗಿಗೆ ಸೇರಿಸಿದರು. ಶಾಲೆ ಜೂನ್ ಒಂದಕ್ಕೆ ತೆರೆಯುತ್ತದೆ, ಕಳೆದುಹೋದ ಏಳು ಟಿಫನ್ ಮುಚ್ಚಳಗಳು ಆಫೀಸಿನಲ್ಲಿವೆ, ರಜೆಯಲ್ಲಿ ಶಾಲೆಯ ಮಾವಿನ ಮರಕ್ಕೆ ಕಲ್ಲು ಹೊಡೆಯಬಾರದು, ಹತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಸಂತ ಮೋನಿಕಾರವರ ಪ್ರತಿಮೆಯ ಅನಾವರಣ. ಓದುವವರು ಯಾರು? ಮಾರನೇ ದಿನ ಗೌನಿಪಲ್ಲಿ ಸಂತೆಯಲ್ಲಿ ಗಂಗರತ್ನಮ್ಮನಿಗೆ ಆ ವಾರ್ತಾಪತ್ರ ಸಿಕ್ಕಿತು, ಕಾಲು ಕೆಜಿ ಖಾರಾಬೂಂದಿ ಸಮೇತ.

ಅವಳಿಗೆ ತಡೆಯಲಾಗಲಿಲ್ಲ. ಪೋಷಕರ ಗ್ರೂಪಿಗೆ ತೆಲುಗಿನಲ್ಲಿ ಒಂದು ವಾಯ್ಸ್ ಮೆಸೇಜು ಬಿಟ್ಟಳು. ಜೂನ್ ಒಂದು, ಮುಚ್ಚಳ, ಕಲ್ಲು ಎಲ್ಲ ಹೇಳಿದಳು. ಆಮೇಲೆ ದನಿ ತಗ್ಗಿಸಿ, ಹತ್ತನೇ ತಾರೀಕು ಹತ್ತು ಗಂಟೆಗೆ ಮೋನಿಕಮ್ಮ ಕಣ್ಣು ಬಿಡುತ್ತಾಳೆ, ಶಿವಾರಪಟ್ಟಣದ ಆಚಾರಿಯೇ ಬರುತ್ತಾನೆ, ಮಕ್ಕಳು ದಾರಿ ತಪ್ಪಿ ಹೊಟ್ಟೆ ಉರಿಸಿಕೊಂಡಿರುವ ತಾಯಂದಿರು ತಪ್ಪದೆ ಬನ್ನಿ, ಬರುವಾಗ ಮನೆಯಲ್ಲಿ ಆರು ವರ್ಷ ತುಂಬಿದವರಿದ್ದರೆ ಕೈ ಹಿಡಿದು ಕರೆದುಕೊಂಡು ಬನ್ನಿ ಅಂದಳು. ಕೊನೆಯ ಮಾತಿಗೇ ಅವಳು ಅಷ್ಟೆಲ್ಲ ಪೀಠಿಕೆ ಹಾಕಿದ್ದು. ಆ ಮೆಸೇಜು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರಿ ಎರಡು ದಿನದಲ್ಲಿ ಆಂಧ್ರದ ಗಡಿಯನ್ನೂ ದಾಟಿತು. ಹೆಂಗಸರು ಮೊದಲಿನದ್ದೆಲ್ಲ ಸರಿಯಾಗಿ ಕೇಳಿಸಿಕೊಂಡರು, ಕೊನೆಯದನ್ನು ಅರ್ಧ ಕೇಳಿಸಿಕೊಂಡರು.

ಹತ್ತನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಗಫೂರ್ ಅವರ ಟೆಂಪೋ ಬಂತು. ಹಿಂದುಗಡೆ ಹುಲ್ಲಿನ ಮೇಲೆ ಮೋನಿಕಮ್ಮ, ಪಕ್ಕದಲ್ಲಿ ಆಚಾರಿ. ಮೂರ್ತಿಯನ್ನು ಇಳಿಸಿ, ಮಾವಿನ ಮರದ ಕೆಳಗೆ ಕಟ್ಟೆಯ ಮೇಲೆ ನಿಲ್ಲಿಸಿ, ಸಿಸ್ಟರ್ ತರಿಸಿದ್ದ ಬಿಳೀ ಬಟ್ಟೆ ಮುಚ್ಚಿದರು. ಒಂಬತ್ತೂವರೆಗೆ ಜನ ಬರಲು ಶುರುವಾಯಿತು. ಸಿಸ್ಟರ್ ಐವತ್ತು ಕುರ್ಚಿ ಹಾಕಿಸಿದ್ದರು. ಹೆಂಗಸರೇ ನೂರು ದಾಟಿದರು. ಹೂವು, ಕಾಯಿ, ಮಡಲಕ್ಕಿ, ಬುಟ್ಟಿಯಲ್ಲಿ ಕಾಲು ಕಟ್ಟಿದ ಎರಡು ನಾಟಿ ಕೋಳಿ. ಮಕ್ಕಳನ್ನೂ ತಪ್ಪದೆ ಕರೆದುಕೊಂಡು ಬಂದಿದ್ದರು. ಗಂಗರತ್ನಮ್ಮ ಅರ್ಜಿಯ ಕಟ್ಟು ಹಿಡಿದು ಗೇಟಿಗೆ ಓಡಿದವಳು ಅಲ್ಲೇ ನಿಂತುಬಿಟ್ಟಳು. ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಮೀಸೆ ಬಂದಿತ್ತು.

ಕುಡಿಯುವ ಮಗ, ಇಸ್ಪೀಟಾಡುವ ಮಗ, ಹೆಂಡತಿಯನ್ನು ಬಿಟ್ಟ ಮಗ, ಮೊಬೈಲು ಬಿಡದ ಮಗ, ಒಬ್ಬೊಬ್ಬರನ್ನೂ ಒಬ್ಬೊಬ್ಬ ತಾಯಿ ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದಳು. ಪಕ್ಕದ ಹಳ್ಳಿಯ ಅಕ್ಕಯಮ್ಮ ಒಂದು ಕೈಯಲ್ಲಿ ಮಗನನ್ನೂ ಇನ್ನೊಂದು ಕೈಯಲ್ಲಿ ಮೊಮ್ಮಗನನ್ನೂ ಹಿಡಿದು ತಂದಿದ್ದಳು. ಮಗನಿಗೆ ಮೂವತ್ತನಾಲ್ಕು, ಅಷ್ಟು ಹೊತ್ತಿಗಾಗಲೇ ವಾಸನೆ ಹೊಡೆಯುತ್ತಿದ್ದ. ಸಿಸ್ಟರ್ ಅವಳ ಹತ್ತಿರ ಬಂದು, ದಾಖಲಾತಿ ಯಾರಿಗೆ ಅಂತ ಕೇಳಿದರು. ಅಕ್ಕಯಮ್ಮ ಕನ್ನಡ ಅರಿಯದವಳು, ಮಗನ ಕೈಯನ್ನೇ ಮುಂದಕ್ಕೆ ಚಾಚಿದಳು.

ಬಟ್ಟೆ ಎಳೆಯುವುದಕ್ಕೆ ಕೋಲಾರದಿಂದ ಫಾದರ್ ಆರೋಗ್ಯನಾಥನ್ ಬಂದಿದ್ದರು. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ, ಈ ಜಿಲ್ಲೆಯಲ್ಲೇ ಬೆಳೆದ ಮನುಷ್ಯ. ಪ್ರಾರ್ಥನೆ ಮುಗಿಸಿ ಬಟ್ಟೆ ಎಳೆದರು. ಕಪ್ಪಗೆ ಮಿರಮಿರ ಮಿಂಚುವ ಮೋನಿಕಮ್ಮ, ತಲೆ ಮೇಲೆ ಸೆರಗು, ಕಮಲದ ಮೇಲೆ ಪಾದ. ಕೆನ್ನೆಯ ಮೇಲೆ ಆಚಾರಿ ಒಂದು ಹನಿ ಕಣ್ಣೀರನ್ನೂ ಕಡೆದಿದ್ದ. ಕಣ್ಣಿನ ಜಾಗ ಮಾತ್ರ ಕೋಳಿಮೊಟ್ಟೆಯಷ್ಟು ನುಣ್ಣಗೆ ಇತ್ತು.

ಸಿಸ್ಟರ್ ಮುಖ ಬಿಳಿಚಿಕೊಂಡಿತು. ಹದಿನೇಳು ವರ್ಷ ಅತ್ತದ್ದಕ್ಕೇ ಹೆಸರಾದವಳಿಗೆ ಕಣ್ಣೇ ಇಲ್ಲ! ಗಂಗರತ್ನಮ್ಮನನ್ನು ಪಕ್ಕಕ್ಕೆ ಕರೆದು ಇದೇನು ಅಂತ ಕೇಳಿದರು. ಅವಳು ಆಚಾರಿಯನ್ನು ಕರೆದಳು. ಆಚಾರಿ ಉಳಿಯನ್ನು ಅಂಗಿಗೆ ಒರೆಸುತ್ತಾ ಬಂದು, ಈಗ ತೆರೆಯುತ್ತೀನಮ್ಮ, ಒಂದು ಕನ್ನಡಿ ಬೇಕು, ನಮ್ಮದು ಮನೆಯಲ್ಲೇ ಉಳಿದುಹೋಯಿತು ಅಂದ. ಕನ್ನಡಿ ಯಾಕೆ, ದೃಷ್ಟಿ ಅಂದರೆ ಏನು, ತಾಯಿಯ ಪಾಲಾಗುವುದು ಅಂದರೆ ಏನು ಎಲ್ಲವನ್ನೂ ವಿವರಿಸಿದ. ವಿವರಿಸದೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಅಂತ ಗಂಗರತ್ನಮ್ಮನಿಗೆ ಅನ್ನಿಸಿತು.

"ಅದೆಲ್ಲ ಇಲ್ಲಿ ಆಗ್ಲಿಕ್ಕಿಲ್ಲ," ಅಂದರು ಸಿಸ್ಟರ್. "ಇದು ಪ್ರತಿಮೆ. ಜೀವ ತುಂಬಿಸುವ ಕೆಲಸ ನಮ್ಮದಲ್ಲ."

ಹಾಗಾದರೆ ನನ್ನ ಉಳಿಯೂ ಆಡುವುದಿಲ್ಲ ಅಂತ ಆಚಾರಿ ಕಟ್ಟೆಯ ಮೇಲೆ ಕೂತ. ನೂರು ಜನ ಹೆಂಗಸರು ನೋಡುತ್ತಿದ್ದರು. ಫಾದರಿಗೆ ತಿಂಡಿ ಹೊತ್ತು ಮೀರುತ್ತಿತ್ತು. ಅವರು ಗಡಿಯಾರ ನೋಡಿ, ಕಲ್ಲುಕೆಲಸ ಬಾಕಿ ಇದ್ದರೆ ಕೆಲಸದವರು ಮುಗಿಸಲಿ ಬಿಡಿ ಸಿಸ್ಟರ್, ಅದರಲ್ಲಿ ದೇವರಿಗೇನು ನಷ್ಟ ಅಂದರು. ಸಿಸ್ಟರ್, ಕೆಲಸ ಅಂದರೆ ಕೆಲಸ ಮಾತ್ರ, ಕಾಯಿ ಕರ್ಪೂರ ಕನ್ನಡಿ ಯಾವುದೂ ಕೂಡದು ಅಂತ ಹೇಳಿ, ತಿಂಡಿ ಹೇಳಲು ಒಳಗೆ ಹೋದರು. ಗಂಗರತ್ನಮ್ಮ ಕಾಯಿ ಕರ್ಪೂರ ಬೇಡ ಅಂತ ಆಚಾರಿಗೆ ಹೇಳಿದಳು. ಕನ್ನಡಿಯ ವಿಷಯ ಅವಳ ಬಾಯಿಂದ ಹೊರಡಲಿಲ್ಲ. ಮರೆತಳೋ ನುಂಗಿದಳೋ, ಅದನ್ನು ಅವಳ ಮನಸ್ಸಿಗೇ ಬಿಡೋಣ.

ಗಫೂರ್ ಟೆಂಪೋದ ಸೈಡ್ ಮಿರರ್ ಬಿಚ್ಚಿ ತಂದುಕೊಟ್ಟರು. ಅದನ್ನು ಒಂದನೇ ಕ್ಲಾಸಿನ ಸ್ಟೂಲಿನ ಮೇಲೆ, ಮೂರ್ತಿಯ ಎದುರಿಗೆ ಆನಿಸಿಟ್ಟರು. ಯಾರೂ ಹೇಳದೆಯೇ ಹೆಂಗಸರು ಎರಡು ಪಾಲಾಗಿ ಸರಿದು ಮಧ್ಯೆ ದಾರಿ ಬಿಟ್ಟರು. ಮೀಸೆಯ ಮಕ್ಕಳೂ ಸರಿದರು. ಆಚಾರಿ ಪಕ್ಕಕ್ಕೆ ನಿಂತು, ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ, ಟಕ್ ಟಕ್ ಅಂತ ಎಡಗಣ್ಣು ಮುಗಿಸಿದ. ಬಲಗಣ್ಣಿಗೆ ಒಂದೇ ಪೆಟ್ಟು ಬಾಕಿ.

ಅಷ್ಟರಲ್ಲಿ ಸಿಸ್ಟರ್ ಹೊರಗೆ ಬಂದರು. ಸ್ಟೂಲಿನ ಮೇಲೆ ಕನ್ನಡಿ ಕಂಡಿತು. ಯಾರು ಎತ್ತ ಅಂತ ನೋಡದೆ ಬಿರಬಿರನೆ ನಡುದಾರಿಯಲ್ಲೇ ಬಂದು, ಕನ್ನಡಿಯನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡು, ಮೂರ್ತಿಯ ಕಡೆಗೆ ತಿರುಗಿದರು. ಆಚಾರಿಯ ಸುತ್ತಿಗೆ ಆಗಲೇ ಕೆಳಗಿಳಿದಿತ್ತು. ಟಕ್. ಮೋನಿಕಮ್ಮ ಕಣ್ಣು ಬಿಟ್ಟಳು, ಎದುರಿಗೆ ಸಿಸ್ಟರ್ ಐರಿನ್.

ಹಾ ಅಂತ ಒಂದು ದನಿ ಎದ್ದು ಅಲ್ಲೇ ನಿಂತಿತು. ಆಚಾರಿ ಉಳಿ ಕೆಳಗೆ ಹಾಕಿದ. ಸಿಸ್ಟರ್ ಬಿದ್ದೇ ಹೋಗುತ್ತಾರೆ ಅಂತ ಗಂಗರತ್ನಮ್ಮ ಹಿಡಿಯಲು ಕೈ ಚಾಚಿದಳು. ಸಿಸ್ಟರ್ ಬೀಳಲಿಲ್ಲ. ಎರಡು ಸಲ ಕಣ್ಣು ಮಿಟುಕಿಸಿದರು. ಆಮೇಲೆ ಅವರ ಎರಡೂ ಕಣ್ಣಿನಿಂದ ನೀರು ದಳದಳನೆ ಇಳಿಯತೊಡಗಿತು. ಕಲ್ಲಿನ ದೂಳು ಹಾರಿ ನೇರವಾಗಿ ಕಣ್ಣಿಗೇ ಬಿದ್ದದ್ದನ್ನು ಪಕ್ಕದಲ್ಲೇ ನಿಂತಿದ್ದ ಗಂಗರತ್ನಮ್ಮ ನೋಡಿದ್ದಳು. ಹಿಂದಿನವರಿಗೆ ಕಂಡದ್ದು ಬೇರೆ. ಅಳುವ ತಾಯಿ ಕಣ್ಣು ಬಿಟ್ಟಳು, ಕಣ್ಣು ಬಿಟ್ಟ ತಕ್ಷಣ ಸಿಸ್ಟರಮ್ಮನ ಕಣ್ಣಿನಲ್ಲಿ ಅತ್ತಳು.

ಮೊದಲು ಮುಂದೆ ಬಂದವಳು ಅಕ್ಕಯಮ್ಮ. ಸಿಸ್ಟರ್ ಎರಡೂ ಕೈಗಳನ್ನು ಹಿಡಿದುಕೊಂಡು, ತನ್ನ ಸೆರಗಿನಿಂದ ಅವರ ಕೆನ್ನೆ ಒರೆಸುತ್ತಾ ಮೆಲ್ಲಗೆ, "ಏಡವದ್ದಮ್ಮಾ, ಏಡವದ್ದು," ಅಂದಳು. ಹಿಂದೆಯೇ ಮಿಕ್ಕವರೂ ಬಂದರು. ಸಿಸ್ಟರ್ ತಾವೇ ಗಟ್ಟಿಯಾಗಿ, ಇದು ದೂಳು, ಪವಾಡ ಅಲ್ಲ, ಕಲ್ಲಿನ ದೂಳು ಅಂತ ಮೂರು ಸಲ ಹೇಳಿದರು. ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿ ಅಂತ ಗಂಗರತ್ನಮ್ಮನಿಗೂ ಅಪ್ಪಣೆಯಾಯಿತು. ಅವಳು ತೆಲುಗಿನಲ್ಲಿ ಪ್ರಾಮಾಣಿಕವಾಗಿಯೇ ಹೇಳಿದಳು. ಹೆಂಗಸರು ತಲೆಯಾಡಿಸಿದರು. ದೊಡ್ಡವರು ಹಾಗೇ ಹೇಳುವುದು, ತಮ್ಮದು ಅಂತ ಹೇಳಿಕೊಳ್ಳುವುದಿಲ್ಲ ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು.

ಸಿಸ್ಟರನ್ನು ಮರದ ಕೆಳಗೆ ಬೆಂಚಿನ ಮೇಲೆ ಕೂರಿಸಿದರು. ಒಬ್ಬೊಬ್ಬಳಾಗಿ ಬಂದು ಪಕ್ಕ ಕೂತು, ಕೈ ಹಿಡಿದುಕೊಂಡು, ತಮ್ಮ ತಮ್ಮ ಸಂಕಟವನ್ನು ತೆಲುಗಿನಲ್ಲಿ ಹೇಳಿಕೊಂಡರು. ಒಂದು ಗಂಟೆ ನಡೆಯಿತು. ಗಂಗರತ್ನಮ್ಮ ದೂರದಿಂದ ಒಂದು ಕಣ್ಣಿಟ್ಟಿದ್ದಳು. ದೂಳು ತೊಳೆದು ಹೋಗುವುದಕ್ಕೆ ಹತ್ತು ನಿಮಿಷ ಸಾಕು, ಕಣ್ಣೀರು ನಿಂತಿರಲಿಲ್ಲ.

ಅವಳಿಗೆ ನೋಡುತ್ತಾ ನಿಲ್ಲಲು ಪುರುಸೊತ್ತಿರಲಿಲ್ಲ. ಅರ್ಜಿ ಹಿಡಿದು ಗುಂಪಿನಲ್ಲಿ ನುಗ್ಗಿದಳು. ತಾಯಂದಿರು ನೂರು, ಆರು ತುಂಬಿದ ಮಕ್ಕಳು ಎಷ್ಟು? ಅಕ್ಕಯಮ್ಮನ ಮೊಮ್ಮಗ ಒಂದು. ಮಧ್ಯಾಹ್ನದ ಹೊತ್ತಿಗೆ ಇನ್ನು ಮೂರು. ಹಳದಿ ವ್ಯಾನಿಗೆ ಮಾತು ಕೊಟ್ಟಿದ್ದ ಒಬ್ಬಳು, ತಾಯಿ ಕಣ್ಣು ಬಿಟ್ಟ ಶಾಲೆ ಇದು ಅಂತ ಮನಸ್ಸು ಬದಲಾಯಿಸಿದಳು. ಅಲ್ಲಿಗೆ ಐದು, ಮೊದಲಿನ ಒಂಬತ್ತು ಸೇರಿ ಹದಿನಾಲ್ಕು. ಮೂರು ಗಂಟೆಗೆ ಜನ ಕರಗಿದರು. ಕೋಳಿಗಳನ್ನು ಯಾರೋ ಫಾದರ್ ಜೀಪಿಗೆ ಹಾಕಿದರು. ಗೇಟಿನ ಹತ್ತಿರ ಒಬ್ಬಳು ಅಜ್ಜಿ ನಾಲ್ಕೂವರೆ ವರ್ಷದ ಹುಡುಗಿಯನ್ನು ತೋರಿಸಿ, ಆರು ಅಂತ ಬರೆದುಕೋ ತಾಯಿ ಅಂದಳು. ಗಂಗರತ್ನಮ್ಮ ಪೆನ್ನಿನ ಕ್ಯಾಪು ತೆಗೆದೇಬಿಟ್ಟಳು. ಅಜ್ಜಿಯ ಕೈಯಲ್ಲಿ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಬರೆದೂ ಬಿಡುತ್ತಿದ್ದಳು.

ಮೂರೂಮುಕ್ಕಾಲಿಗೆ ಸ್ಟಾಫ್ ರೂಮಿಗೆ ಬಂದು ಹದಿನಾಲ್ಕು ಅರ್ಜಿಗಳನ್ನು ಮೇಜಿನ ಮೇಲಿಟ್ಟಳು. ಸಿಸ್ಟರ್ ಆ ದೊಡ್ಡ ಹಾಳೆಯ ಕೆಳಗೆ ಕೂತಿದ್ದರು, ಕಣ್ಣು ಕೆಂಡದ ಹಾಗಾಗಿತ್ತು. ಎರಡು ಸಲ ಎಣಿಸಿದರು. ಎರಡು ಸಲವೂ ಹದಿನಾಲ್ಕೇ ಬಂತು. ಇಪ್ಪತ್ತಮೂರು ವರ್ಷ ಒಂದು ಕಡೆ, ಒಂದು ಮಗು ಒಂದು ಕಡೆ. ಒಂದೇ ಒಂದು ಅರ್ಜಿ ಅಲ್ಲವಾ, ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ ಅಂತ ಕೇಳಬೇಕು ಅಂತ ಗಂಗರತ್ನಮ್ಮನಿಗೆ ಅನ್ನಿಸಿತು. ಈ ಯಮ್ಮನ ಹತ್ತಿರ ಅಂಥ ಮಾತು ನಡೆಯುವುದಿಲ್ಲ ಅಂತ ಬಾಯಿ ಮುಚ್ಚಿಕೊಂಡಳು. ಮಾಲೂರಿನ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಅಂತ ಯೋಚಿಸಿದಳು. ಅಳು ಬಂತು, ತಡೆದುಕೊಂಡಳು.

"ಟೀಚರ್, ಏಡವದ್ದು ಅಂದರೇನು?" ಅಂತ ಸಿಸ್ಟರ್ ಕೇಳಿದರು.

"ಅಳಬೇಡ ಅಂತ ಸಿಸ್ಟರ್."

"ಆ ಅಮ್ಮ ಮಗನ ಸಲುವಾಗಿ ಅಳಲಿಕ್ಕೆ ಬಂದವರು," ಅಂದರು ಸಿಸ್ಟರ್. "ನಾನು ಅವರಿಗೆ ಸಮಾಧಾನ ಹೇಳಬೇಕಿತ್ತು. ಅವರೇ ನನಗೆ ಹೇಳಿದರು. ಅಷ್ಟೂ ಜನ ಹೇಳಿದರು, ನನಗೆ ಒಂದು ಮಾತೂ ಗೊತ್ತಾಗಲಿಲ್ಲ. ಹೂಂ ಹೂಂ ಅಂತ ಕೂತಿದ್ದೆ."

ಸಿಸ್ಟರ್ ಕೈ ಚಾಚಿ ಒಂದು ಖಾಲಿ ಅರ್ಜಿ ಕೇಳಿದರು. ತೆಗೆದುಕೊಂಡು, ಪೆನ್ನು ತೆರೆದು, ಮುತ್ತಿನಂಥ ಅಕ್ಷರದಲ್ಲಿ ತುಂಬತೊಡಗಿದರು. ವಿದ್ಯಾರ್ಥಿಯ ಹೆಸರು, ಐರಿನ್ ಡಿಸೋಜ. ಮನೆಮಾತು, ಕೊಂಕಣಿ. ವಯಸ್ಸು, ನಲವತ್ತಾರು. ಸೇರಬೇಕಾದ ತರಗತಿ, ಒಂದು. ಕೆಳಗೆ ಸಹಿ ಹಾಕಿ ತಾರೀಕು ಬರೆದು, ಹದಿನಾಲ್ಕರ ಮೇಲಿಟ್ಟರು.

ಗಂಗರತ್ನಮ್ಮ ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದಳು. ಇದು ಸುಳ್ಳು ಅರ್ಜಿ ಆಗುವುದಿಲ್ಲವಾ ಅಂತ ಕೇಳಿದ್ದೂ ಅವಳೇ.

"ಹೇಗೆ ಸುಳ್ಳು?" ಅಂದರು ಸಿಸ್ಟರ್. "ಜೂನ್ ಒಂದರಿಂದ ದಿನಾ ಮೊದಲ ಪೀರಿಯಡ್ ಬಂದು ಕೂತುಕೊಳ್ಳುತ್ತೇನೆ, ನೀವು ತೆಲುಗು ಕಲಿಸಿ. ದೊಡ್ಡ ಸಿಸ್ಟರ್ ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ. ನಿಯಮದಲ್ಲಿ ಆರು ವರ್ಷ ತುಂಬಿರಬೇಕು ಅಂತ ಮಾತ್ರ ಉಂಟು. ನನಗೆ ತುಂಬಿದೆ."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ ಇತ್ತು. ಗಂಗರತ್ನಮ್ಮ ಸೀಲು ಹುಡುಕಿ ಹದಿನೈದನೇ ಅರ್ಜಿಯ ಮೇಲೆ ಒತ್ತಿದಳು. ಈಗ ಅಳು ತಡೆಯಲಾಗಲಿಲ್ಲ, ಅತ್ತೇಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು, ಸಿಸ್ಟರ್ ಕೈಯನ್ನು ಹಿಡಿದು, ಬೆಳಕಿನ ಕಡೆ ತಿರುಗಿಸಿ ನೋಡಿದಳು. ಕನ್ನಡಿ ಎತ್ತಿದ ಕೈ, ಉಗುರಿನ ತುಂಬಾ ಟೆಂಪೋದ ಗ್ರೀಸು.

"ಜೂನ್ ಒಂದಕ್ಕೆ ಉಗುರು ಕತ್ತರಿಸ್ಕೊಂಡ್ ಬಾ," ಅಂದಳು.